ನಾಲಿಗೆಗೆ ಬಿದ್ದ ರೇಷ್ಮೆ ಹೊಲಿಗೆ

ನನ್ನ ನಾಲಿಗೆಗೆ ಹಾಕಿದ್ದು ಕಪ್ಪು ರೇಷ್ಮೆ ದಾರ. ಆಪರೇಷನ್ ಮುಗಿಸಿ ಕೈಗವಸು ಬಿಚ್ಚುತ್ತಾ ಡಾಕ್ಟರಮ್ಮ ಹಾಗೆಂದಾಗ ನನಗೆ ನಗು ಬರಬೇಕಿತ್ತು. ದೊಡ್ಡಬಳ್ಳಾಪುರದಲ್ಲಿ, ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ಮೂವತ್ತು ವರ್ಷದಿಂದ ಸೀರೆ ನೇಯುತ್ತಿರುವವಳು ನಾನು. ಬೆಳಗಾದರೆ ದಾರದ ಮುಖವನ್ನೇ ನೋಡುವುದು. ಅದು ಬಾಯೊಳಗೂ ಬಂದು ಕೂತಿತಲ್ಲ ಎಂದು ಏನಾದರೂ ಅನ್ನಬೇಕಿತ್ತು. ಆದರೆ ಎಡಗಡೆ ಮುಖವೆಲ್ಲ ಮರಗಟ್ಟಿತ್ತು. ನನ್ನ ತುಟಿ ಎಲ್ಲಿದೆ ಎಂದೇ ನನಗೆ ತಿಳಿಯುತ್ತಿರಲಿಲ್ಲ. ತಲೆಯಾಡಿಸಿ ಎದ್ದು ಬಂದೆ.

ಸಂಜೆಗೆ ಎಲ್ಲ ಸರಿಹೋಗುತ್ತದೆ ಎಂದಿದ್ದರು. ತುಟಿ, ಕೆನ್ನೆ ಸರಿಹೋದವು. ನಾಲಿಗೆಯ ಆ ಜಾಗ ಮಾತ್ರ ಹಾಗೇ ಉಳಿಯಿತು. ಒಳಗೆ ಇನ್ನೂ ಏನೋ ಒಂದು ಹಾಗೇ ಉಳಿಯಿತು. ಅದಕ್ಕೆ ಹೆಸರು ಹೇಳುವುದು ನನಗೆ ಗೊತ್ತಿಲ್ಲ.

ಶುರುವಾಗಿದ್ದು ಹಲ್ಲಿನಿಂದ. ನಮ್ಮ ಕೆಲಸದಲ್ಲಿ ಬಾಯಿಯೂ ಒಂದು ಕೈ ಇದ್ದ ಹಾಗೆ. ತುಂಡಾದ ಎಳೆಗೆ ಗಂಟು ಹಾಕಿ, ಉಳಿದ ತುದಿಯನ್ನು ಹಲ್ಲಿನಲ್ಲಿ ಕಡಿಯುತ್ತೇವೆ. ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು ಎಳೆ ಹೊಸೆಯುತ್ತೇವೆ. ಮಗ್ಗದಲ್ಲಿ ದಾರ ಹೊತ್ತು ಅತ್ತಿತ್ತ ಓಡುವ ಲಾಳಿಯ ಸಣ್ಣ ತೂತಿಗೆ ಬಾಯಿಟ್ಟು ಉಸಿರೆಳೆದರೆ ಒಳಗಿನ ದಾರ ಹೊರಗೆ ಬಂದು ನಾಲಿಗೆಗೆ ತಾಕುತ್ತದೆ. ಅದನ್ನು ತುಟಿಯಲ್ಲಿ ಹಿಡಿದು ಈಚೆಗೆ ಎಳೆದುಕೊಳ್ಳುತ್ತೇವೆ. ಮನೆಯಲ್ಲಿ ಕತ್ತರಿ ಇಲ್ಲವೆಂದಲ್ಲ, ಹುಡುಕುವಷ್ಟು ಪುರುಸೊತ್ತು ಇರುವುದಿಲ್ಲ. ನಾನು ಕಡಿಯುತ್ತಿದ್ದದ್ದು ಎಡಗಡೆ ಹಲ್ಲಿನಲ್ಲಿ. ಅದು ಸವೆದೂ ಸವೆದೂ ಒಂದು ದಿನ ಚೂರು ಮುರಿಯಿತು. ಮುರಿದ ಅಂಚು ನಾಲಿಗೆಯ ಪಕ್ಕಕ್ಕೆ ಉಜ್ಜತೊಡಗಿತು. ಉಜ್ಜಿದ ಕಡೆ ಹುಣ್ಣಾಯಿತು, ಹುಣ್ಣಿನ ಸುತ್ತ ಬೆಳ್ಳಗೆ ಒಂದು ಮಚ್ಚೆ ಕಾಣಿಸಿಕೊಂಡಿತು.

ಹೀಟು ಅಂದರು ಎಲ್ಲರೂ. ನಮ್ಮ ಬೀದಿಯಲ್ಲಿ ಕಾಲು ಉಳುಕಿದರೂ ಹೀಟು. ಮಲ್ಲಿಗೆ ಎಲೆ ಅಗಿದೆ, ಸೀಬೆ ಎಲೆ ಅಗಿದೆ, ಬಸಳೆ ಸೊಪ್ಪು ತಿಂದೆ, ತುಪ್ಪ ಸವರಿಕೊಂಡೆ. ಯುಗಾದಿಗೆ ಬಂದ ಹುಣ್ಣು ಗೌರಿ ಹಬ್ಬಕ್ಕೂ ಅಲ್ಲೇ ಇತ್ತು.

ಮಗಳು ಮಂಜುಳಾ ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಮಾಡುತ್ತಾಳೆ. ಶಿಫ್ಟು ಪೂರ್ತಿ ಬಟ್ಟೆಯಲ್ಲಿ ತಪ್ಪು ಹುಡುಕುವ ಕೆಲಸ. ಮನೆಗೆ ಬಂದರೂ ಅದೇ ಬುದ್ಧಿ. ಹಬ್ಬದ ದಿನ ನಾನು ಕಡುಬು ಬಾಯಿಗಿಟ್ಟುಕೊಂಡು ಮುಖ ಕಿವುಚಿದ್ದನ್ನು ನೋಡಿದವಳೇ, "ಅಮ್ಮಾ, ಬಾಯಿ ತೆಗಿ" ಎಂದು ಮೊಬೈಲಿನ ಟಾರ್ಚ್ ಬಿಟ್ಟಳು. ಎಷ್ಟೋ ಹೊತ್ತು ನೋಡಿದಳು.

"ಇದು ಹೀಟೂ ಅಲ್ಲ, ಗೀಟೂ ಅಲ್ಲ. ನಾಳೆ ರಜಾ ಹಾಕ್ತೀನಿ. ಹೋಗ್ತಿದೀವಿ ಅಷ್ಟೆ."

ಹೋದದ್ದು ಬೆಂಗಳೂರು ದಾರಿಯಲ್ಲಿರುವ ಒಂದು ಹಲ್ಲಿನ ಕಾಲೇಜಿನ ಆಸ್ಪತ್ರೆಗೆ. ನಮ್ಮನೆಯವರೂ ಬಂದರು. ಅವರು ಮೂವತ್ತೈದು ವರ್ಷದಿಂದ ಎಲೆ ಅಡಿಕೆ, ಹೊಗೆಸೊಪ್ಪು ಹಾಕುವವರು. ಬಾಯಿ ತೆರೆದರೆ ಇಟ್ಟಿಗೆ ಗೂಡು. ಚೀಟಿ ಬರೆಯುವ ಹುಡುಗಿ ತಲೆಯೆತ್ತಿ ನಮ್ಮ ಮೂವರನ್ನೂ ನೋಡಿ, ಸೀದಾ ಅವರನ್ನೇ ಕೇಳಿದಳು, "ಸರ್, ನಿಮ್ಮ ವಯಸ್ಸು?"

"ನಂಗಲ್ಲಮ್ಮ, ಇವಳಿಗೆ" ಎಂದು ಅವರು ಬಾಯಿಗೆ ಟವೆಲ್ ಅಡ್ಡ ಹಿಡಿದರು. ಆಮೇಲೆ ಇಡೀ ದಿನ ಆ ಟವೆಲ್ ಕೆಳಗಿಳಿಯಲಿಲ್ಲ.

ನಾಲ್ಕು ಕೋಣೆಯಲ್ಲಿ ನಾಲ್ಕು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಎಲೆ ಅಡಿಕೆ ಹಾಕ್ತೀರಾ, ಗುಟ್ಕಾ ಹಾಕ್ತೀರಾ, ಕಡ್ಡಿಪುಡಿ ಹಾಕ್ತೀರಾ. ಇಲ್ಲ, ಇಲ್ಲ, ಇಲ್ಲ. ನಾಲ್ಕನೆಯವಳಿಗೆ ನನ್ನ ಮಾತಿನಲ್ಲಿ ನಂಬಿಕೆಯೇ ಬರಲಿಲ್ಲ. "ನಿಜ ಹೇಳಿ ಆಂಟಿ, ಏನ್ ಹಾಕ್ತೀರಾ ಬಾಯಿಗೆ?" ಅಂದಳು. ನನಗೆ ರೇಗಿತು. "ದಾರ ಹಾಕ್ತೀನಿ" ಅಂದೆ. ಅವಳು ಅದನ್ನು ಬರೆದುಕೊಳ್ಳಲಿಲ್ಲ.

ಕೊನೆಗೆ ನೋಡಿದ್ದು ಡಾಕ್ಟರಮ್ಮ. ನನ್ನ ವಯಸ್ಸಿನವರೇ, ಮಾತು ಕಮ್ಮಿ. ಬೆರಳಿನಿಂದ ಒತ್ತಿ ನೋಡಿ, "ಆ ಹಲ್ಲು ಕಿತ್ತುಬಿಡೋಣ. ಈ ಭಾಗನೂ ತೆಗೆದು ಟೆಸ್ಟಿಗೆ ಕಳಿಸ್ತೀವಿ. ಹತ್ತು ದಿನಕ್ಕೆ ರಿಪೋರ್ಟ್ ಬರುತ್ತೆ, ಆಮೇಲೆ ಮಾತಾಡೋಣ" ಅಂದರು.

"ಅದಲ್ವಲ್ಲ ಮೇಡಂ?" ಅಂದರು ನಮ್ಮನೆಯವರು, ಟವೆಲ್ಲಿನ ಹಿಂದಿನಿಂದ.

ನಮ್ಮ ಮನೆಯಲ್ಲಿ ಆ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕೊನೆಯವರೆಗೂ ಅದು 'ಅದು' ಅಷ್ಟೆ. ಡಾಕ್ಟರಮ್ಮನಿಗೆ ಅರ್ಥವಾಯಿತು. "ರಿಪೋರ್ಟ್ ಬರಲಿ" ಅಂದರು.

ಆಪರೇಷನ್ನಿಗೆ ಕರೆಯುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಪಕ್ಕದಲ್ಲಿ ಸಾಸಲು ಕಡೆಯ ಒಬ್ಬ ಅಜ್ಜಿ. ಮಡಿಲಲ್ಲಿ ಚೀಲ, ಚೀಲದಲ್ಲಿ ಹಸಿ ಕಡಲೆಕಾಯಿ. ಡಾಕ್ಟರಿಗೆ ಕೊಡಲು ತಂದದ್ದಂತೆ. ನನ್ನ ಮುಖ ನೋಡಿದ ಅಜ್ಜಿ ನಾನು ಕೇಳದೆಯೇ ಹೇಳಿತು: "ನಂದೂ ನಾಲ್ಗೆನೇ ಕಣವ್ವ. ಮೂರು ವರ್ಷ ಆಯ್ತು ಕುಯ್ದು. ಮಾತಾಡ್ತಿದೀನಲ್ಲ, ನೋಡು." ಮಾತು ಸ್ವಲ್ಪ ದಪ್ಪಗಿತ್ತು, ಆದರೆ ಎಲ್ಲ ಅಕ್ಷರವೂ ಇತ್ತು. ಅಜ್ಜಿ ಧೈರ್ಯ ಹೇಳಲಿಲ್ಲ, ದೇವರ ಹೆಸರೆತ್ತಲಿಲ್ಲ, ತನ್ನ ಬಾಯಿ ತೋರಿಸಿತು ಅಷ್ಟೆ. ಇವತ್ತು ನಾನು ಇದನ್ನು ಬರೆಯುತ್ತಿರುವುದು ಆ ಅಜ್ಜಿಯಿಂದ. ಈಗ ಅಂಥ ಬೆಂಚಿನ ಮೇಲೆ ಯಾರೋ ಕೂತಿರುತ್ತಾರೆ, ಅವರ ಪಕ್ಕದಲ್ಲಿ ಕಡಲೆಕಾಯಿಯ ಅಜ್ಜಿ ಇಲ್ಲದೇ ಇರಬಹುದು.

ಮನೆಗೆ ಬಂದ ಮೇಲಿನ ಐದು ದಿನದ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಆರಿದ ರಾಗಿ ಗಂಜಿ, ಮಜ್ಜಿಗೆ, ಉಪ್ಪುನೀರು. ಮಾತಾಡಬಾರದು ಅಂದಿದ್ದರು. ಅದು ನಮಗೆ ಕಷ್ಟವಲ್ಲ. ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ಶೆಡ್ಡಿನಲ್ಲಿ ಯಾರ ದನಿಯೂ ಯಾರಿಗೂ ಕೇಳುವುದಿಲ್ಲ. ತುಟಿ ನೋಡಿಯೇ ಮಾತು. ನಮ್ಮನೆಯವರಿಗೆ ಕಿವಿ ಮಂದವಾಗಿ ಹತ್ತು ವರ್ಷವಾಗಿದೆ, ಅವರು ಊಟಕ್ಕೆ ಕೂತಾಗಲೂ ನನ್ನ ತುಟಿಯನ್ನೇ ನೋಡುತ್ತಾರೆ. ನಾನು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮಗ್ಗ ನೋಡುತ್ತಿದ್ದೆ. ಭಯವಾಗುತ್ತಿತ್ತಾ ಎಂದು ಮಂಜುಳಾ ಆಮೇಲೆ ಕೇಳಿದಳು. ಭಯ ಆಪರೇಷನ್ನಿಗೆ ಮುಂಚೆ ಇತ್ತು. ಆಮೇಲೆ ಭಯವೂ ಇರಲಿಲ್ಲ. ಹತ್ತು ದಿನ ಕಾಯಬೇಕು, ಕಾಯುತ್ತಿದ್ದೆ. ಯಾರದೋ ಮನೆಯ ವಿಷಯಕ್ಕೆ ಕಾಯುವ ಹಾಗಿತ್ತು.

ಆರನೆಯ ದಿನ ಒಂದು ಘನಂದಾರಿ ಕೆಲಸ ಮಾಡಿದೆ.

ಹೊಲಿಗೆಯ ತುದಿಗಳು ಕೆನ್ನೆಯ ಒಳಗಡೆ ಚುಚ್ಚುತ್ತಿದ್ದವು. ನಾಲಿಗೆಗೆ ಏನೂ ಗೊತ್ತಾಗುತ್ತಿರಲಿಲ್ಲ, ಕೆನ್ನೆಗೆ ಗೊತ್ತಾಗುತ್ತಿತ್ತು. ನಮ್ಮತ್ತೆಗೆ ಎಂಬತ್ತು ದಾಟಿದೆ. ಕಿವಿ ಪೂರ್ತಿ ಹೋಗಿದೆ, ಕಣ್ಣು ಮಾತ್ರ ಇವತ್ತಿಗೂ ಮಗ್ಗದ ಹಾಸಿನಲ್ಲಿ ತುಂಡಾದ ಒಂದೆಳೆಯನ್ನು ದೂರದಿಂದಲೇ ಹಿಡಿಯುತ್ತದೆ. ಅವರು ಟಾರ್ಚ್ ಹಿಡಿದು ನನ್ನ ಬಾಯೊಳಗೆ ಇಣುಕಿದರು.

"ಯಾವನಮ್ಮಿ ಈ ಗಂಟು ಹಾಕಿದ್ದು? ಇಷ್ಟುದ್ದ ಬಾಲ ಬಿಟ್ಟವ್ನಲ್ಲ! ನಮ್ಮ ಮಗ್ಗದಲ್ಲಿ ಇಂಥ ಗಂಟು ಹಾಕಿದ್ರೆ ಕೂಲಿ ಕೊಡ್ತಿದ್ವಾ?"

ನಾನೂ ಕನ್ನಡಿಯಲ್ಲಿ ನೋಡಿದೆ. ನಾಲ್ಕು ಗಂಟು. ನಾಲ್ಕಕ್ಕೂ ಬೆಕ್ಕಿನ ಮೀಸೆಯ ಹಾಗೆ ಎರಡೆರಡು ತುದಿ. ನಿಜ ಹೇಳುತ್ತೇನೆ, ನನಗೂ ಅಸಹ್ಯವಾಯಿತು. ಮಗ್ಗದಿಂದ ಇಳಿದ ಸೀರೆಯಲ್ಲಿ ಇಂಥ ತುದಿ ಕಂಡರೆ ನಮ್ಮ ಕೈ ಸುಮ್ಮನಿರುವುದಿಲ್ಲ. ಎಳೆ ಕತ್ತರಿಸುವ ಪುಟ್ಟ ಕತ್ತರಿಯನ್ನು ಬಿಸಿನೀರಿನಲ್ಲಿ ತೊಳೆದೆ, ಅಷ್ಟು ಬುದ್ಧಿ ಇತ್ತು. ಅತ್ತೆ ಟಾರ್ಚ್ ಹಿಡಿದರು. ನಾನು ಕನ್ನಡಿ ನೋಡಿಕೊಂಡು ನಾಲ್ಕು ಗಂಟಿನ ಬಾಲವನ್ನೂ ಬುಡಕ್ಕೆ ಕತ್ತರಿಸಿದೆ. ಒಂಚೂರೂ ನೋವಾಗಲಿಲ್ಲ. "ಈಗ ನೋಡು, ಲಕ್ಷಣವಾಗೈತೆ" ಅಂದರು ಅತ್ತೆ. ನನಗೂ ಸಮಾಧಾನವಾಯಿತು. ಆವತ್ತು ಚೆನ್ನಾಗಿ ನಿದ್ದೆ ಮಾಡಿದೆ.

ಮಾರನೆಯ ದಿನ ಮಧ್ಯಾಹ್ನ ಗಂಜಿ ಕುಡಿದು ಲೋಟ ಕೆಳಗಿಟ್ಟೆ. ನಮ್ಮನೆಯವರು ಎದುರಿಗೆ ಊಟಕ್ಕೆ ಕೂತವರು ಎಂದಿನಂತೆ ನನ್ನ ತುಟಿ ನೋಡಿ ನಕ್ಕರು.

"ಏನೇ, ನೀನ್ಯಾವಾಗ ಎಲೆ ಅಡಿಕೆ ಹಾಕ್ದೆ?"

ನಾನು ಕೈಯಿಂದ ತುಟಿ ಒರೆಸಿಕೊಂಡೆ. ಕೈ ಕೆಂಪಗಾಯಿತು. ಲೋಟದ ತಳದಲ್ಲಿ ಉಳಿದ ಗಂಜಿಯೂ ಕೆಂಪಗಿತ್ತು. ಬಾಯಿ ತುಂಬ ರಕ್ತ, ನನಗೆ ಗೊತ್ತೇ ಇಲ್ಲ. ಅವರು ತಟ್ಟೆ ಬಿಟ್ಟು ಎದ್ದರು, ಕೈ ಕೂಡ ತೊಳೆಯಲಿಲ್ಲ.

ಮಂಜುಳಾ ಅರ್ಧ ಶಿಫ್ಟಿನಲ್ಲಿ ಫ್ಯಾಕ್ಟರಿ ಬಿಟ್ಟು ಗಾಡಿಯಲ್ಲಿ ಬಂದಳು. ಬಾಯಲ್ಲಿ ಬಟ್ಟೆ ಕಚ್ಚಿಕೊಂಡು ಅವಳ ಹಿಂದೆ ಕೂತೆ. ನಮ್ಮನೆಯವರು ಬಸ್ಸಿನಲ್ಲಿ ಬಂದರು. ಆಸ್ಪತ್ರೆಯಲ್ಲಿ ವಿಷಯ ತಿಳಿದ ಮೇಲೆ ಮಂಜುಳಾ ಬೈದಳು.

"ಅಮ್ಮಾ, ನಿಂಗೇನ್ ತಲೆಗಿಲೆ ಕೆಟ್ಟಿದ್ಯಾ? ಅದೇನ್ ಸೀರೆ ಕುಚ್ಚಾ ಕತ್ತರಿಸೋಕೆ? ಮನೇಲಿರೋ ಅಜ್ಜಿಗೆ ಬುದ್ಧಿ ಇಲ್ಲ, ನಿಂಗೂ ಇಲ್ವಾ?"

ಡಾಕ್ಟರಮ್ಮ ಬೈಯಲಿಲ್ಲ. ಹತ್ತಿ ಒತ್ತಿ ಹಿಡಿದು ರಕ್ತ ನಿಲ್ಲುವವರೆಗೆ ಕಾದರು. ಆಮೇಲೆ, "ನೀವು ನೇಯೋರಲ್ವಾ ಅಮ್ಮಾ? ಬುಡಕ್ಕೆ ಕತ್ತರಿಸಿದ್ರೆ ರೇಷ್ಮೆ ಗಂಟು ಜಾರುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ? ಬಾಲ ಬಿಡೋದೇ ಅದಕ್ಕೆ" ಅಂದರು.

ನೆಲ ಬಾಯಿಬಿಡಬಾರದೇ ಅನ್ನಿಸಿತು. ನಮ್ಮ ಶೆಡ್ಡಿಗೆ ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಇದನ್ನೇ ಹೇಳಿಕೊಟ್ಟವಳು ನಾನು. ಗಂಟು ಕೂರುವವರೆಗೆ ಬುಡಕ್ಕೆ ಕತ್ತರಿಸಬೇಡ, ಬಿಚ್ಚಿಕೊಳ್ಳುತ್ತೆ ಅಂತ.

ಎರಡು ಹೊಲಿಗೆ ಬಿಚ್ಚಿಹೋಗಿದ್ದವು. ಮತ್ತೆ ಹೊಲಿಯುವುದಿಲ್ಲ ಅಂದರು. "ಬಾಯಿ ತಾನೇ ತುಂಬ್ಕೊಳ್ಳುತ್ತೆ, ಒಳಗಿಂದ ಮೇಲಕ್ಕೆ. ಮೇಲೆ ಬೆಳ್ಳಗೆ ಕೆನೆ ಥರ ಕಟ್ಟುತ್ತೆ. ಅದು ಕೀವಲ್ಲ. ಒರೆಸಬೇಡಿ, ಕೆರೆಯಬೇಡಿ, ಕತ್ತರಿಯಂತೂ ಬೇಡ. ಸುಮ್ನೆ ಬಿಟ್ಟುಬಿಡ್ಬೇಕು. ಆಗುತ್ತಾ ನಿಮ್ಮ ಕೈಲಿ?"

ತಲೆಯಾಡಿಸಿದೆ. ಅಷ್ಟರಲ್ಲಿ ನಮ್ಮನೆಯವರೂ ಬಂದು ಸೇರಿದರು. ಡಾಕ್ಟರಮ್ಮ ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದರು.

"ರಿಪೋರ್ಟ್ ಬೇಗ ಬಂದಿದೆ. ಫೋನ್ ಮಾಡಿಸೋಣ ಅಂತಿದ್ದೆ. ಅದಲ್ಲ ಅಮ್ಮಾ. ಅದರ ದಾರಿ ಹಿಡಿದಿತ್ತು, ಆದ್ರೆ ಅದಲ್ಲ. ಪೂರ್ತಿ ತೆಗೆದಿದೀವಿ, ಅಂಚಲ್ಲಿ ಏನೂ ಉಳಿದಿಲ್ಲ. ಮೂರು ತಿಂಗಳಿಗೊಂದ್ಸಲ ಬಂದು ತೋರಿಸ್ಬೇಕು."

ನಮ್ಮನೆಯವರು ಅವರ ತುಟಿಯನ್ನೇ ನೋಡುತ್ತಿದ್ದರು. ಆ ಟವೆಲ್ ಕಣ್ಣಿಗೆ ಒತ್ತಿಕೊಂಡು ಅಲ್ಲೇ ಕುರ್ಚಿಯಲ್ಲಿ ಕುಸಿದರು. ಮಂಜುಳಾ ಬೈಯುತ್ತಿದ್ದವಳು ನನ್ನನ್ನು ತಬ್ಬಿಕೊಂಡು ಅತ್ತಳು. ನಾನು ಅವಳ ಬೆನ್ನು ಸವರಿದೆ. ಗೋಡೆಯ ಮೇಲೆ ಹಲ್ಲುಜ್ಜುವ ಮಗುವಿನ ಚಿತ್ರವಿತ್ತು, ಅದರ ಒಂದು ಮೂಲೆಯ ಅಂಟು ಬಿಟ್ಟಿತ್ತು. ಅದನ್ನು ನೋಡುತ್ತಿದ್ದೆ. ನನಗೆ ಏನೂ ಆಗಲಿಲ್ಲ. ಸಂತೋಷವೂ ಇಲ್ಲ, ಅಳುವೂ ಇಲ್ಲ. ಬೇರೆ ಯಾರದೋ ರಿಪೋರ್ಟು, ಬೇರೆ ಯಾರದೋ ಗಂಡ, ಮಗಳು.

ಮಂಜುಳಾಳ ಕೈಲಿ ಒಂದೇ ಒಂದು ಪ್ರಶ್ನೆ ಕೇಳಿಸಿದೆ. ಅಲ್ಲಿ ಮುಟ್ಟಿದರೆ ಗೊತ್ತಾಗುತ್ತಿಲ್ಲ, ಅದು ಬರುತ್ತಾ?

ಡಾಕ್ಟರಮ್ಮ ಸೂಜಿಯ ತುದಿಯಿಂದ ಮುಟ್ಟಿ ಮುಟ್ಟಿ ಕೇಳಿದರು. ಗೊತ್ತಾಗಲಿಲ್ಲ. "ನರಕ್ಕೆ ಸ್ವಲ್ಪ ಪೆಟ್ಟಾಗಿದೆ. ಬರ್ಬಹುದು, ತಿಂಗಳುಗಟ್ಟಲೆ ಹಿಡೀಬಹುದು. ಕೆಲವರಿಗೆ ಬರೋದೇ ಇಲ್ಲ. ಬಂದ್ರೆ ಒಳ್ಳೇದು ಅಮ್ಮಾ. ಮುಂದೆ ಅಲ್ಲಿ ಮತ್ತೇನಾದ್ರೂ ಶುರುವಾದ್ರೆ ನಿಮಗೆ ಮೊದ್ಲು ಹೇಳೋದು ನಿಮ್ಮ ನಾಲಿಗೆನೇ. ಅದಕ್ಕೇ ಗೊತ್ತಾಗದಿದ್ರೆ ನಾವು ನೋಡಿನೇ ಕಂಡುಹಿಡೀಬೇಕು."

ಅಂದರೆ ಕಾವಲು ಕಾಯಬೇಕಾದ ಜಾಗವೇ ಸತ್ತು ಬಿದ್ದಿತ್ತು. ಇಷ್ಟು ಮಾತ್ರ ನನಗೆ ಅರ್ಥವಾಯಿತು, ಇದನ್ನೇ ಮನೆಗೆ ಹೊತ್ತುಕೊಂಡು ಬಂದೆ.

ಅವರು ಹೇಳಿದ ಹಾಗೇ ಆಯಿತು. ಎರಡು ದಿನಕ್ಕೆ ಗಾಯದ ಮೇಲೆ ಬೆಳ್ಳಗೆ, ಸ್ವಲ್ಪ ಹಳದಿ ಬಣ್ಣಕ್ಕೆ ಕೆನೆ ಕಟ್ಟಿತು. ಅತ್ತೆ ಬೆರಳಿಗೆ ಬಟ್ಟೆ ಸುತ್ತಿ, ಅರಿಸಿನ ಅದ್ದಿಕೊಂಡು ನನ್ನ ಹಿಂದೆಯೇ ಓಡಾಡಿದರು. "ಒಂದ್ಸಲ ಒರೆಸ್ಬಿಡ್ತೀನಿ, ಬಾಯಿ ತೆಗಿಯೇ ನಮ್ಮಮ್ಮ. ಕೊಳ್ತು ಹೋಯ್ತದೆ ಕಣೇ." ನಾನು ತುಟಿ ಬಿಗಿದುಕೊಂಡು ಕೂತೆ. ಉಪ್ಪುನೀರು ಮುಕ್ಕಳಿಸುವುದು, ಬಿಡುವುದು. ಇಷ್ಟು ವರ್ಷ ನಾನು ಮಾಡಿದ ಕೆಲಸವೆಲ್ಲ ತುಂಡಾಗಿದ್ದನ್ನು ಕಂಡ ಕೂಡಲೇ ಕೈಹಾಕುವುದು. ಇಲ್ಲಿ ಕೈಕಟ್ಟಿ ಕೂರುವುದೇ ಕೆಲಸ. ದಿನಾ ಕನ್ನಡಿಯಲ್ಲಿ ನೋಡುತ್ತಿದ್ದೆ. ಅಂಚಿನಿಂದ ಒಳಕ್ಕೆ ಕೆಂಪು ಬಂತು, ನಡುವಿನ ಬಿಳಿ ಚಿಕ್ಕದಾಗುತ್ತಾ ಬಂತು. ಉಳಿದಿದ್ದ ಎರಡು ಹೊಲಿಗೆಯನ್ನು ಆಸ್ಪತ್ರೆಯಲ್ಲಿ ತೆಗೆದರು. ಮೂರನೆಯ ವಾರಕ್ಕೆ ನಯವಾದ, ಹೊಳೆಯುವ, ಗುಲಾಬಿ ಬಣ್ಣದ ಹೊಸ ಚರ್ಮ. ನನ್ನ ವಯಸ್ಸಿಗೆ ಸಂಬಂಧವಿಲ್ಲದ್ದು. ಅಷ್ಟು ಚೆಂದದ ಜಾಗ, ಮುಟ್ಟಿದರೆ ಏನೂ ಹೇಳುತ್ತಿರಲಿಲ್ಲ.

ಮಾತು ಬಂತು. ಮೊದಮೊದಲು 'ರ' ಹೊರಳುತ್ತಿರಲಿಲ್ಲ, ಆಮೇಲೆ ಹೊರಳಿತು. ಊಟ ಮಾಡುವಾಗ ಎಡಗಡೆ ಅನ್ನದಗುಳು ಉಳಿದರೆ ಗೊತ್ತಾಗುತ್ತಿರಲಿಲ್ಲ. ಒಂದೆರಡು ಸಲ ನಾಲಿಗೆಯನ್ನೇ ಕಚ್ಚಿಕೊಂಡೆ. ಅದೂ ಬೇರೆಯವರು ರಕ್ತ ನೋಡಿ ಹೇಳಿದ ಮೇಲೆಯೇ ಗೊತ್ತಾಗಿದ್ದು. ನೆಂಟರು ಬಂದರು, ದೇವರು ದೊಡ್ಡವನು ಅಂದರು, ಹೂಂ ಅಂದೆ. ನಮ್ಮನೆಯವರು ಹರಕೆ ತೀರಿಸಿದರು, ತೆಂಗಿನಕಾಯಿ ಒಡೆದರು, ಪಕ್ಕದಲ್ಲಿ ನಿಂತಿದ್ದೆ. ಹೊಗೆಸೊಪ್ಪು ಬಿಟ್ಟಿದ್ದೇನೆ ಎಂದೂ ಹೇಳಿದರು. ಜೇಬು ನೋಡಲು ಹೋಗಲಿಲ್ಲ.

"ಅಮ್ಮಾ, ನಿಂಗೆ ಖುಷಿನೇ ಆಗಿಲ್ವಾ?" ಎಂದು ಮಂಜುಳಾ ದೀಪಾವಳಿಯ ದಿನ ಕೇಳಿದಳು.

"ಆಗಿದೆ ಕಣೆ" ಅಂದೆ. ಸುಳ್ಳು. ಆಗುವುದು ಎಲ್ಲಿ ಆಗುತ್ತದೋ ಆ ಜಾಗವೇ ನನಗೆ ಸಿಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಬ್ರಶ್ಶಿನಿಂದ ನಾಲಿಗೆಯ ಆ ಕಡೆ ಒತ್ತಿ ನೋಡುತ್ತಿದ್ದೆ. ಏನಿಲ್ಲ. ಹಬ್ಬ ಕಳೆದ ಮೇಲೆ ಒತ್ತಿ ನೋಡುವುದನ್ನೂ ಬಿಟ್ಟೆ.

ಮಗ್ಗಕ್ಕೆ ವಾಪಸ್ ಹೋಗುವ ದಿನ ನೋಡಿದರೆ, ನಾಲ್ಕು ಮಗ್ಗಕ್ಕೂ ಒಂದೊಂದು ಹೊಸ ಕತ್ತರಿ ನೇತಾಡುತ್ತಿತ್ತು. ಪಕ್ಕದಲ್ಲಿ ಲಾಳಿಯಿಂದ ದಾರ ಎಳೆಯುವ ಒಂದೊಂದು ಸಣ್ಣ ಕೊಕ್ಕೆ. ನಮ್ಮನೆಯವರು ಕಟ್ಟಿದ್ದು. "ಬಾಯಿಗೆ ಏನಾದ್ರೂ ಹಾಕ್ದೋ, ನೋಡು" ಎಂದು ಬೆರಳು ತೋರಿಸಿದರು. ಎರಡು ತಿಂಗಳು ಅವರ ಮಾತು ಮೀರಲಿಲ್ಲ.

ಅವರೆಕಾಯಿ ಕಾಲ. ಸಂಕ್ರಾಂತಿಗೆ ಇನ್ನೂ ವಾರವಿತ್ತು. ಮಧ್ಯಾಹ್ನ ನಾಲ್ಕೂ ಮಗ್ಗ ಓಡುತ್ತಿದ್ದವು. ಮೂರನೆಯ ಮಗ್ಗದ ಲಾಳಿಯಲ್ಲಿ ದಾರ ಮುಗಿಯಿತು. ನಿಲ್ಲಿಸಿ, ಲಾಳಿ ತೆಗೆದು, ಹೊಸ ದಾರದ ಕಂಡಿಕೆ ಕೂರಿಸಿದೆ. ಬೆಳಿಗ್ಗೆ ಸೊಗಡಿನ ಅವರೆಕಾಯಿ ಸಿಕ್ಕಿತ್ತು. ಸಂಜೆಗೆ ಹಿತಕಬೇಳೆ ಸಾರು ಮಾಡಬೇಕು, ಅತ್ತೆ ಬೇಳೆ ಹಿತುಕಿದರೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಯೋಚಿಸುತ್ತಲೇ ಲಾಳಿ ಎತ್ತಿ ಬಾಯಿಗಿಟ್ಟು ಉಸಿರೆಳೆದೆ. ಮೂವತ್ತು ವರ್ಷದ ಅಭ್ಯಾಸ.

ನಾಲಿಗೆಯ ಮೇಲೆ ಏನೋ ಬಂತು. ಅನ್ನದಲ್ಲಿ ಕೂದಲು ಸಿಕ್ಕಿದ ಹಾಗೆ. ಥೂ ಎಂದು ಉಗುಳಲು ಹೋದವಳು ನಿಂತೆ. ಎಡಗಡೆ. ಹೊಲಿಗೆ ಇದ್ದ ಜಾಗ. ದಾರವನ್ನು ಹಿಂದಕ್ಕೆ ಎಳೆದೆ, ಜರುಗಿತು. ಮುಂದಕ್ಕೆ ಎಳೆದೆ, ಜರುಗಿತು.

ಮೊದಲನೆಯ ಮಗ್ಗದ ಹತ್ತಿರದಿಂದ ನಮ್ಮನೆಯವರು ನೋಡಿಬಿಟ್ಟರು. "ಬಾಯಿಗೆ ಹಾಕ್ಬೇಡ ಅಂದಿಲ್ವೇನೇ!" ಅವರ ತುಟಿಯಲ್ಲಿ ಕೋಪ ಕಾಣುತ್ತಿತ್ತು. ನಾನು ಏನೋ ಹೇಳಲು ಹೋದೆ. ತುಟಿ ನಡುಗುತ್ತಿತ್ತು, ಅವರಿಗೆ ಓದಲಾಗಲಿಲ್ಲ. "ಏನಾಯ್ತೇ? ರಕ್ತಾನಾ?" ಎನ್ನುತ್ತಾ ಒಂದೊಂದೇ ಮಗ್ಗ ನಿಲ್ಲಿಸಿಕೊಂಡು ಬಂದರು. ಶೆಡ್ಡು ನಿಶ್ಶಬ್ದವಾಯಿತು.

"ಎಳೆ ತಾಕ್ತು ರೀ."

"ಎಲ್ಲಿ?"

"ಅಲ್ಲೇ."

ಆಮೇಲೆ ನನಗೆ ನಿಲ್ಲಲಾಗಲಿಲ್ಲ. ಮಗ್ಗದ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಅಳು ಎಲ್ಲಿಂದ ಬಂತೋ, ಹೊಟ್ಟೆಯಿಂದ ಕಿತ್ತುಕೊಂಡು ಬಂತು. ಅವರು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ನನ್ನ ತುಟಿ ನೋಡುತ್ತಿದ್ದರು. ಅಂಗಳದಿಂದ ಅತ್ತೆ ಅವರೆಬೇಳೆಯ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಕಿವಿ ಕೇಳದಿದ್ದರೂ ಮಗ್ಗ ನಿಂತದ್ದು ಅವರಿಗೆ ಕಾಲಡಿಯ ನೆಲದಿಂದಲೇ ಗೊತ್ತಾಗುತ್ತದೆ. "ಕರೆಂಟ್ ಹೋಯ್ತೇನ್ರಪ್ಪಾ?" ಅಂದರು.

"ಅದಲ್ವಂತೆ ಕಣ್ರೀ" ಎಂದೆ ನಾನು. "ರಿಪೋರ್ಟಲ್ಲಿ... ಅದಲ್ವಂತೆ."

ರಿಪೋರ್ಟ್ ಬಂದು ಮೂರು ತಿಂಗಳು ದಾಟಿತ್ತು. ಅವರು ನಗಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಮುಖ ಒರೆಸಿದರು.

"ಹೂಂ ಕಣೆ" ಅಂದರು. "ಅದಲ್ವಂತೆ."